ಬೇವಿನ ಟೊಂಗೆಯ ಎರಡು ಜೋಕಾಲಿ

ಲಿಂಗಸುಗೂರಿನಲ್ಲಿ ನಾನು ಪಾಠ ಮಾಡುವ ಕಾಲೇಜಿನ ಮುಂದೆ ಸಿಂಧನೂರು ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಮೇಲಿನಿಂದ ಹಣ್ಣಾದ ಬೇವಿನಕಾಯಿಯೊಂದು ಹೆಗಲ ಮೇಲೆ ಬಿದ್ದು ಒಡೆಯಿತು. ಹಬ್ಬಕ್ಕೆಂದು ಉಟ್ಟ ಹೊಸ ಸೀರೆ. ಗಿಡಕ್ಕೆ ಬೈಯಬೇಕೆಂದು ಬಾಯಿ ತೆರೆದವಳು ಆ ವಾಸನೆಗೆ ಹಾಗೇ ನಿಂತುಬಿಟ್ಟೆ. ಒಂದಿಷ್ಟು ಸಿಹಿ, ಒಂದಿಷ್ಟು ಹುಳಿತದ್ದು, ಅದರ ಬೆನ್ನಿಗೇ ಗಂಟಲಿಗಿಳಿಯುವ ಕಹಿ... ನಮ್ಮ ಎದುರುಮನೆ ಚಿಗವ್ವನ ತಲೆಗೂದಲಿನಿಂದ ಶ್ರಾವಣದಲ್ಲಿ ಬರುತ್ತಿದ್ದದ್ದು ಇದೇ ವಾಸನೆ. ಹಿಂದಿನ ವಾರವಷ್ಟೇ ನನ್ನ ಪಿಎಚ್.ಡಿ. ಮೌಖಿಕ ಪರೀಕ್ಷೆ ಮುಗಿದಿತ್ತು. ಅಲ್ಲಿ ನಾನು ಗೆದ್ದ ಕಥೆಯ ಬುಡ ಈ ವಾಸನೆಯಲ್ಲೇ ಇದೆ.

ಚಿಗವ್ವ ನಮಗೆ ರಕ್ತಸಂಬಂಧಿಯಲ್ಲ. ಮಸ್ಕಿಯಲ್ಲಿ ನಮ್ಮ ಮನೆಯ ಬಾಗಿಲು ತೆರೆದರೆ ಅವಳ ಬಾಗಿಲು, ಅಷ್ಟೇ ಸಂಬಂಧ. ಕಾಲುವೆಗೆ ನೀರು ಬಿಟ್ಟರೆ ನಾಟಿ ಹಚ್ಚುವ ಹೆಣ್ಣಾಳುಗಳ ಗುಂಪು ಕಟ್ಟಿಕೊಂಡು ಬಳಗಾನೂರಿನ ಕಡೆ ಗದ್ದೆಗಳಿಗೆ ಹೋಗುತ್ತಿದ್ದಳು. ಮೈ ಒಣಕಟ್ಟಿಗೆ, ಗಂಟಲು ಮಾತ್ರ ಮೈಕಿನದು. ಅವಳು ಗದ್ದೆಯ ಈ ಬದುವಿನಲ್ಲಿ ನಿಂತು ಕೇಕೆ ಹೊಡೆದರೆ ಆ ಬದುವಿನ ಕೊಕ್ಕರೆ ಏಳುತ್ತಿತ್ತಂತೆ. ಹಾಗೆಂದು ಹೇಳಿದವಳೂ ಅವಳೇ. ತನ್ನ ಬಗ್ಗೆ ಒಂದು ಸಣ್ಣ ಮಾತು ಆಡಿದ್ದನ್ನು ನಾನಂತೂ ಕೇಳಿಲ್ಲ. ಸೋಲು ಎಂಬುದು ಅವಳ ಪಾಲಿಗೆ ಹಲ್ಲುನೋವು. ತಾನೂ ನಿದ್ದೆ ಮಾಡುತ್ತಿರಲಿಲ್ಲ, ಓಣಿಯವರಿಗೂ ಮಾಡಗೊಡುತ್ತಿರಲಿಲ್ಲ.

ಅಂಥವಳು ವರ್ಷಕ್ಕೊಮ್ಮೆ ತಪ್ಪದೆ ಸೋಲುತ್ತಿದ್ದಳು, ಅದೂ ಜೋಕಾಲಿಯಲ್ಲಿ.

ನಮ್ಮ ಓಣಿಗೂ ಮೇಲಿನ ಓಣಿಗೂ ನಡುವೆ ಒಂದು ಬಯಲು. ಈ ತುದಿಗೆ ನಮ್ಮ ಬೇವಿನ ಗಿಡ, ಆ ತುದಿಗೆ ಅವರ ಹುಣಸೆ ಗಿಡ. ನಾಗರಪಂಚಮಿಯ ಮೊದಲ ದಿನ, ರೊಟ್ಟಿ ಹಬ್ಬದ ಮಧ್ಯಾಹ್ನ, ಎರಡೂ ಗಿಡಕ್ಕೆ ಜೋಕಾಲಿ ಬಿದ್ದಿರುತ್ತಿತ್ತು. ಎರಡೂ ಕಡೆಯವರು ಒಂದೇ ಹೊತ್ತಿಗೆ ಜೀಕಬೇಕು. ಯಾರೋ ಒಬ್ಬರು ತಾಟು ಬಡಿದ ಕೂಡಲೇ ಜೀಕುವುದು ಬಂದ್; ಕೂತವರು ಕೈಕಾಲು ಆಡಿಸದೆ ಗೊಂಬೆಯಂತೆ ಕೂತುಬಿಡಬೇಕು. ಯಾರ ಜೋಕಾಲಿ ಕಡೆಗೆ ನಿಲ್ಲುತ್ತದೋ ಅವರದು ಗೆಲುವು. ಸೋತ ಓಣಿಯವರು ತಮ್ಮ ಸಜ್ಜೆ ರೊಟ್ಟಿಯ ಬುಟ್ಟಿಯನ್ನು ತಲೆ ಮೇಲೆ ಹೊತ್ತು ಗೆದ್ದ ಓಣಿಗೆ ತಾವಾಗಿ ತಂದುಕೊಡಬೇಕು. ಆಮೇಲೆ ಹೇಗಿದ್ದರೂ ಎಲ್ಲರೂ ಎಲ್ಲರ ಮನೆಗೂ ರೊಟ್ಟಿ ಬೀರುವುದು ಇದ್ದೇ ಇತ್ತು. ಆದರೆ ಮೊದಲ ಬುಟ್ಟಿ ಯಾರ ತಲೆ ಮೇಲೆ ಬಯಲು ದಾಟುತ್ತದೆ ಅನ್ನುವುದರಲ್ಲಿ ಮಾನ ಇತ್ತು.

ಮೇಲಿನ ಓಣಿಯ ಜೋಕಾಲಿಯಲ್ಲಿ ಕೂರುತ್ತಿದ್ದವಳು ಹುಣಸೆಗಿಡದ ಮನೆಯ ದೊಡ್ಡವ್ವ. ಅವಳೂ ಚಿಗವ್ವನೂ ಒಂದೇ ಊರಿನವರು, ವಳಕಮದಿನ್ನಿಯವರು. ಕೂಡಿ ಆಡಿದವರು, ಒಂದೇ ಬೇಸಿಗೆಯಲ್ಲಿ ಮದುವೆಯಾಗಿ ಮಸ್ಕಿಗೆ ಬಂದವರು, ಒಬ್ಬರನ್ನೊಬ್ಬರು ತವರೂರಿನ ಹೆಸರಿನಿಂದಲೇ ಕೂಗುವವರು. ದೊಡ್ಡವ್ವನಿಗೆ ಅಣ್ಣತಮ್ಮಂದಿರು ತುಂಬಿದ ತವರು. ರೊಟ್ಟಿ ಹಬ್ಬ ಮುಗಿದ ಮರುದಿನ ಯಾರಾದರೊಬ್ಬರು ಮೋಟರ್ ಸೈಕಲ್ ತಂದು ಕರೆದುಕೊಂಡು ಹೋಗುತ್ತಿದ್ದರು. ಚಿಗವ್ವನ ತವರಲ್ಲಿ ಅಪ್ಪ ಅವ್ವ ಹೋದ ಮೇಲೆ ಬಾಗಿಲು ತೆರೆಯುವವರೇ ಇರಲಿಲ್ಲ. ಓಣಿಯ ಹೆಣ್ಣುಮಕ್ಕಳೆಲ್ಲ ಚೀಲ ಕಟ್ಟಿಕೊಂಡು ತವರಿಗೆ ಹೋಗುವಾಗ ಅವಳು ಕಟ್ಟೆಯ ಮೇಲೆ ಕೂತು ಒಬ್ಬೊಬ್ಬರನ್ನೂ ಚೇಷ್ಟೆ ಮಾಡಿ ಕಳಿಸುತ್ತಿದ್ದಳು. ಆ ಜೋಕಾಲಿಯೇ ಅವಳ ಪಂಚಮಿ. ಅದಕ್ಕೇ ಅಷ್ಟು ಜಿದ್ದು ಅನ್ನುವುದು ನನಗೆ ಹೊಳೆದದ್ದು ಬಹಳ ತಡವಾಗಿ.

ಹುಣಸೆಯ ಟೊಂಗೆ ಆನೆಯ ಸೊಂಡಿಲಿನಷ್ಟು ದಪ್ಪ. ಮೂವರು ಜೀಕಿದರೂ ಮಿಸುಕುತ್ತಿರಲಿಲ್ಲ. ನಮ್ಮ ಬೇವಿನದು ಎಳೆಯ ಟೊಂಗೆ. ಜೋಕಾಲಿ ಆ ಕಡೆ ಹೋದರೆ ತಾನೂ ಆ ಕಡೆ, ಈ ಕಡೆ ಬಂದರೆ ತಾನೂ ಈ ಕಡೆ. ಕಾಯಿ, ಹಣ್ಣು, ಎಲೆ ಎಲ್ಲ ಚಿಗವ್ವನ ತಲೆ ಮೇಲೆ. ಪ್ರತಿ ವರ್ಷ ನಮ್ಮ ಜೋಕಾಲಿಯೇ ಮೊದಲು ನಿಲ್ಲುತ್ತಿತ್ತು, ಚಿಗವ್ವ ತಲೆತುಂಬ ಬೇವಿನಹಣ್ಣಿನ ಲೋಳೆ ಮೆತ್ತಿಕೊಂಡು ಬುಟ್ಟಿ ಹೊರುತ್ತಿದ್ದಳು.

ಅವಳು ಸುಮ್ಮನೆ ಕೂರುವ ಪೈಕಿಯಲ್ಲ. ಒಂದು ವರ್ಷ, ಸೀರೆಯ ಸೆರಗು ಗಾಳಿಗೆ ಪಟಪಟ ಅನ್ನುವುದೇ ತನ್ನನ್ನು ತಡೆಯುತ್ತಿದೆ ಎಂದು ಹೇಳಿ ಕಚ್ಚೆ ಹಾಕಿ, ಸೆರಗು ಸುತ್ತಿ ಸಿಕ್ಕಿಸಿ, ಕುಸ್ತಿಗೆ ಹೊರಟವಳಂತೆ ಬಂದು ಕೂತಳು. ಸ್ವಲ್ಪ ಸುಧಾರಿಸಿತು, ಆದರೂ ಸೋಲು. ಮರುವರ್ಷ ಹಗ್ಗ ಟೊಂಗೆಗೆ ಉಜ್ಜಿ ಕಿರುಗುಡುತ್ತದೆಂದು ಗಂಟಿಗೆಲ್ಲ ಔಡಲೆಣ್ಣೆ ಹಚ್ಚಿದಳು. ಕಿರುಗುಡುವುದು ನಿಂತಿತು, ಎಣ್ಣೆ ಹಗ್ಗದಗುಂಟ ಇಳಿದು ಅಂಗೈ ಜಾರಿತು, ಚಿಗವ್ವ ಅಂಗಾತ ಬಿದ್ದಳು. ಮೇಲಿನ ಓಣಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಇದನ್ನೆಲ್ಲ ಓದಿ ಅವಳೇನೋ ದೊಡ್ಡ ವಿಜ್ಞಾನಿ ಎಂದುಕೊಂಡೀರಿ ಮತ್ತೆ! ಮಗುವಿನ ದೃಷ್ಟಿ ತೆಗೆಯಲಿಕ್ಕೂ, ಎಮ್ಮೆಯ ಹೊಟ್ಟೆಯುಬ್ಬರಕ್ಕೂ, ಬಾಗಿಲ ಚಿಲಕಕ್ಕೂ ಅವಳ ಬಳಿ ಇದ್ದದ್ದು ಅದೊಂದೇ ಔಡಲೆಣ್ಣೆ.

ನಾನು ಪಿಯುಸಿ ಓದುವ ವರ್ಷ ನನಗೂ ಅವಳಿಗೂ ಜಗಳವಾಯಿತು. ಕಾಲೇಜಿಗೆಂದು ಹೇಳಿ ಗೆಳತಿಯರ ಜೊತೆ ಸಿಂಧನೂರಿಗೆ ಸಿನಿಮಾಕ್ಕೆ ಹೋಗಿದ್ದನ್ನು ಬಸ್ ಸ್ಟ್ಯಾಂಡಿನಲ್ಲಿ ನೋಡಿದವಳು ನೆಟ್ಟಗೆ ಬಂದು ಅವ್ವನಿಗೆ ಊದಿದ್ದಳು. ನಾನು ಮಾತು ಬಿಟ್ಟೆ. ಹಬ್ಬಕ್ಕೆ ಇನ್ನೂ ವಾರವಿತ್ತು. ಚಿಗವ್ವ ಅಭ್ಯಾಸಕ್ಕೆಂದು ಜೀಕುತ್ತಿದ್ದಳು, ಪಕ್ಕದಲ್ಲೇ ಅದೇ ಟೊಂಗೆಗೆ ಇನ್ನೊಂದು ಜೋಕಾಲಿ ಕಟ್ಟಿದ್ದರು. ಅದು ನನ್ನದೂ ಗಿಡ, ಅವಳಿಗೆ ಹೆದರಿ ನಾನೇಕೆ ಬಿಡಲಿ ಎಂದು ಹೋಗಿ ಕೂತೆ. ಕೂತೆನೇನೋ ಸರಿ, ಅವಳ ಮುಖ ನೋಡಬಾರದಲ್ಲ! ಅದಕ್ಕೆ ಅವಳು ಮುಂದೆ ಬಂದಾಗ ನಾನು ಹಿಂದೆ, ಅವಳು ಹಿಂದೆ ಸರಿದಾಗ ನಾನು ಮುಂದೆ. ಬೇಕೆಂದೇ ತಿರುವುಮುರುವು ಜೀಕಿದೆ. ಆಗ ನನಗೆ ಮೈ ಚೆನ್ನಾಗಿ ತುಂಬಿತ್ತು. ಆಕೆ ಒಣಕಟ್ಟಿಗೆಯಾದರೂ ಉದ್ದಾಳು. ಇಬ್ಬರ ತೂಕ ಹೆಚ್ಚುಕಡಿಮೆ ಒಂದೇ ಇದ್ದಿರಬೇಕು.

ಸ್ವಲ್ಪ ಹೊತ್ತಿಗೆ ಚಿಗವ್ವ ತಲೆ ಮುಟ್ಟಿ ನೋಡಿಕೊಂಡಳು. ಒಂದು ಹಣ್ಣೂ ಬಿದ್ದಿರಲಿಲ್ಲ. ಕತ್ತೆತ್ತಿ ಟೊಂಗೆಯನ್ನೇ ನೋಡುತ್ತಾ ಕೂತಳು.

“ಗಿಡ ಸುಮ್ನಾತು ನೋಡಲೇ ಹುಡುಗಿ” ಅಂದಳು.

ನಾನು ಮಾತು ಬಿಟ್ಟವಳಲ್ಲವೇ, ಹೂಂ ಅನ್ನಲಿಲ್ಲ. ಅವಳಿಗೆ ಅದರ ಪರಿವೆಯೇ ಇಲ್ಲ. ಜೀಕುವುದನ್ನು ನಿಲ್ಲಿಸು ಅಂದಳು, ತಾನೂ ನಿಲ್ಲಿಸಿದಳು. ಇಬ್ಬರೂ ಸುಮ್ಮನೆ ಕೂತೆವು. ಜೋಕಾಲಿಗಳು ಎದುರುಬದುರಾಗಿ ತೂಗುತ್ತಲೇ ಇದ್ದವು, ತೂಗುತ್ತಲೇ ಇದ್ದವು... ನಾನು ಕೋಪವನ್ನು ಮರೆತು ಅವಳ ಮುಖ ನೋಡಿದೆ. ಅವಳು ಬಾಯಿ ತೆರೆದು ನಗುತ್ತಿದ್ದಳು.

“ಹಬ್ಬದ ತನಕ ನೀ ಸಿಟ್ಟಿಲೆ ಇರು, ನಡೀತೈತಿ. ಹಿಂಗ ಉಲ್ಟಾ ಜೀಕಾಕ ಮಾತ್ರ ಬಾ” ಅಂದಳು.

ಆ ವಾರವೆಲ್ಲ ಅದೇ ಕೆಲಸ. ಎರಡೂ ಹಗ್ಗ ಒಂದೇ ಉದ್ದ ಇರಬೇಕು. ಒಂದು ಗಿಡ್ಡವಾದರೆ ಸ್ವಲ್ಪ ಹೊತ್ತಿಗೆ ಇಬ್ಬರೂ ಒಂದೇ ಕಡೆ ಹೊರಳುತ್ತಿದ್ದೆವು, ಬೇವಿನಹಣ್ಣು ಉದುರುತ್ತಿತ್ತು. ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಅವಳ ಉಗುರು ಕಿತ್ತುಬಂದವು. ಓಣಿಯವರಿಗೆಲ್ಲ ಬಾಯಿ ಬಿಡಬಾರದೆಂದು ತಾಕೀತು ಮಾಡಿದಳು. ಅವಳು ಗುಟ್ಟು ಕಾಯ್ದ ಮೊದಲ ಹಾಗೂ ಕೊನೆಯ ಸಂಗತಿ ಅದು.

ರೊಟ್ಟಿ ಹಬ್ಬದ ಮಧ್ಯಾಹ್ನ ತಾಟು ಬಡಿದರು. ಆ ಕಡೆ ದೊಡ್ಡವ್ವ, ಈ ಕಡೆ ನಾವಿಬ್ಬರು. ಬಯಲಿನ ತುಂಬ ಜನ. ಮೊದಮೊದಲು ಗದ್ದಲ, ಆಮೇಲೆ ಗದ್ದಲ ಕಡಿಮೆಯಾಯಿತು, ಆಮೇಲೆ ಯಾರೂ ಮಾತಾಡಲಿಲ್ಲ. ದೊಡ್ಡವ್ವನ ಜೋಕಾಲಿ ಸಣ್ಣಗಾಗುತ್ತಾ ಬಂತು. ನಮ್ಮದೂ ಸಣ್ಣಗಾಯಿತು, ಆದರೆ ತಡೆದು ತಡೆದು. ನನ್ನ ಎದೆ ಹೊಡೆದುಕೊಳ್ಳುತ್ತಿದ್ದದ್ದಕ್ಕೇ ಎಲ್ಲಿ ಹಲಗೆ ಅಲುಗೀತೋ ಎಂದು ಹೆದರಿದ್ದೆ. ಅವಳದು ನಿಂತಿತು. ನಮ್ಮದು ಇನ್ನೂ ತೂಗುತ್ತಿತ್ತು. ಚಿಗವ್ವ ಕೂತಲ್ಲೇ ಕೇಕೆ ಹೊಡೆದಳು ನೋಡಿ, ಊರ ಪಕ್ಕದ ಗುಡ್ಡಕ್ಕೆ ಬಡಿದು ವಾಪಸ್ ಬಂತು. ನಾನೂ ನಮ್ಮ ಓಣಿಯ ಪ್ರತಿಯೊಂದು ಹೆಣ್ಣುಮಗಳೂ ಕೂಗಿದೆವು. ಅಷ್ಟು ಸಂತೋಷ ನನಗೆ ಪಿಯುಸಿ ಫಲಿತಾಂಶದ ದಿನವೂ ಆಗಿರಲಿಲ್ಲ.

ದೊಡ್ಡವ್ವ ಬಯಲು ದಾಟಿ ಬಂದಳು. ತಲೆ ಮೇಲೆ ಬುಟ್ಟಿ ಇರಲಿಲ್ಲ.

“ಎಲ್ಡು ಜೋಕಾಲಿ ಕಟ್ಟಿ ಗೆದ್ರ ಅದು ಗೆಲುವೇನಬೇ? ನಾ ಒಬ್ಬಾಕಿ ಕುಂತೀನಿ, ನೀವು ಇಬ್ಬರು” ಅಂದಳು.

ಚಿಗವ್ವ ಜಗಳಕ್ಕೆ ನಿಲ್ಲಲಿಲ್ಲ. ಅದೇ ನನಗೆ ಆಶ್ಚರ್ಯ. ಇಬ್ಬರು ಕೂತದ್ದಕ್ಕೇ ಗೆದ್ದಿದ್ದರೆ ಈಗ ಇಬ್ಬರೂ ಒಂದೇ ಕಡೆಗೆ ಜೀಕುತ್ತೇವೆ, ನೋಡು ಅಂದಳು. ಅದೇ ಗಿಡ, ಅದೇ ಹಗ್ಗ, ಅದೇ ನಾವು. ಜೊತೆಜೊತೆಗೆ ಮುಂದೆ, ಜೊತೆಜೊತೆಗೆ ಹಿಂದೆ. ಟೊಂಗೆ ಹುಚ್ಚು ಹಿಡಿದಂತೆ ತೂಗಾಡಿತು, ಮಳೆ ಬಂದಂತೆ ಹಣ್ಣು ಸುರಿದವು, ನೋಡನೋಡುತ್ತಲೇ ಜೋಕಾಲಿಗಳೆರಡೂ ನಿಂತವು. ಜನ ಹೋ ಅಂದರು. ಯಾರಿಗೂ ಇನ್ನು ಅನುಮಾನ ಉಳಿಯಲಿಲ್ಲ. ದೊಡ್ಡವ್ವ ಮಾತ್ರ ಗೆದ್ದಿ ಅನ್ನದೆ ಸೆರಗು ಝಾಡಿಸಿಕೊಂಡು ಹೋಗಿಬಿಟ್ಟಳು.

ಸಂಜೆಯವರೆಗೆ ಚಿಗವ್ವ ಕಟ್ಟೆಯ ಮೇಲೆ ಕೂತು ಬಯಲನ್ನೇ ನೋಡುತ್ತಿದ್ದಳು. ಬುಟ್ಟಿ ಬರಲಿಲ್ಲ. ಮರುವರ್ಷ ಮೇಲಿನ ಓಣಿಯವರು ಹುಣಸೆಗೆ ಜೋಕಾಲಿಯನ್ನೇ ಹಾಕಲಿಲ್ಲ, ಅಲ್ಲಿಗೆ ಪಂದ್ಯವೂ ನಿಂತಿತು. ಅಲ್ಲಿಂದ ಮುಂದೆ ಪ್ರತಿ ಪಂಚಮಿಗೆ ಚಿಗವ್ವ ಬಯಲಿನ ಈ ತುದಿಯಿಂದ “ವಳಕಮದಿನ್ನೀ, ಗೆದ್ದಿ ಅನ್ನು ನೋಡೂಣಲೇ” ಎಂದು ಕೂಗುವುದು, ಆ ತುದಿಯಲ್ಲಿ ಬಾಗಿಲು ಮುಚ್ಚಿಕೊಳ್ಳುವುದು. ನಾವು ನಗುತ್ತಿದ್ದೆವು. ಒಮ್ಮೆ ನಾನು, ಊರೆಲ್ಲ ಒಪ್ಪಿದೆ, ಅವಳೊಬ್ಬಳ ಮಾತು ಕಟ್ಟಿಕೊಂಡು ಏನು ಮಾಡುತ್ತೀ ಎಂದು ಕೇಳಿದೆ.

“ಊರು ಒಪ್ಪಿದ್ರ ಏನ್ ಬಂತು? ನನ್ನ ತವರಿನಾಕಿ ಅಂದ್ರ ಅಕಿ ಒಬ್ಬಾಕಿನ ಉಳದಾಳ. ಅಕಿ ಬಾಯಿಲೆ ಒಂದ್ಸಲ ಬರಬೇಕು” ಅಂದಳು.

ಅವತ್ತು ನಾನು ನಗಲಿಲ್ಲ.

ಮುಂದೆ ನಾನು ಬಿ.ಎಸ್ಸಿ., ಎಂ.ಎಸ್ಸಿ. ಮಾಡಿ, ಲಿಂಗಸುಗೂರಿನಲ್ಲಿ ಕೆಲಸ ಹಿಡಿದು, ರಜೆ ಹಾಕಿ ಸಂಶೋಧನೆಗೆ ಹೋದೆ. ಏನು ಓದುತ್ತೀ ಎಂದು ಚಿಗವ್ವ ಕೇಳಿದಾಗ ಹೇಳಿದ್ದೆ: ಸಿಲಿಕಾನಿನ ಒಂದು ಪುಟಾಣಿ ಪಟ್ಟಿ, ಕೂದಲಿಗಿಂತ ಸಣ್ಣದು, ಬರಿಗಣ್ಣಿಗೆ ಕಾಣುವುದಿಲ್ಲ. ಒಂದು ತುದಿ ಬುಡಕ್ಕೆ ಅಂಟಿರುತ್ತದೆ. ನಡುಗಿಸಿ ಬಿಟ್ಟರೆ ತನ್ನಷ್ಟಕ್ಕೆ ನಡುಗುತ್ತಾ ಹೋಗಿ ಮೆಲ್ಲಗೆ ಸುಮ್ಮನಾಗುತ್ತದೆ. ಬಹಳ ಹೊತ್ತು ನಡುಗುವ ಪಟ್ಟಿಯಾದರೆ ಮೇಲೆ ಒಂದು ಧೂಳಿನ ಕಣ ಕೂತರೂ ಗೊತ್ತಾಗುತ್ತದೆ. ಬೇಗ ಸುಮ್ಮನಾಗುವ ಪಟ್ಟಿ ಕೆಲಸಕ್ಕೆ ಬಾರದು. ಅದರ ಶಕ್ತಿ ಎಲ್ಲಿ ಸೋರಿಹೋಗುತ್ತದೆ ಅನ್ನುವುದನ್ನು ಹುಡುಕುವುದೇ ನನ್ನ ಕೆಲಸ. ಎಲ್ಲ ಕೇಳಿಸಿಕೊಂಡು ಅವಳು, ಅಷ್ಟು ಸಣ್ಣ ಜೋಕಾಲಿಯಲ್ಲಿ ಯಾರು ಕೂರುತ್ತಾರೆ ಎಂದು ಕೇಳಿದಳು. ಯಾರೂ ಕೂರುವುದಿಲ್ಲ ಅಂದೆ. ಹಾಗಾದರೆ ನಿನಗೆ ಸಂಬಳ ಯಾಕೆ ಕೊಡುತ್ತಾರೆ ಅಂದಳು.

ಅದೇ ನಾವು ಕೂತು ಮಾತಾಡಿದ ಕಡೆಯ ಸಲ. ಆ ಚಳಿಗಾಲದಲ್ಲಿ ಅವಳಿಗೆ ಎದೆ ಹಿಡಿದುಕೊಂಡಿತು. ರಾಯಚೂರಿಗೆ ಒಯ್ಯುವಷ್ಟರಲ್ಲಿ... ಅವ್ವ ಫೋನಿನಲ್ಲಿ ಹೇಳಿದಾಗ ನಾನು ಪ್ರಯೋಗಾಲಯದ ಮೆಟ್ಟಿಲ ಮೇಲೆ ಕೂತು ಅತ್ತೆ. ಎಷ್ಟು ಹೊತ್ತು ಎಂದು ಗೊತ್ತಿಲ್ಲ.

ನನ್ನ ಪಟ್ಟಿ ಆಗ ಹಟ ಹಿಡಿದಿತ್ತು. ಗಾಳಿ ತಡೆಯುತ್ತದೆಂದು ಗಾಳಿಯನ್ನೆಲ್ಲ ಹೀರಿ ತೆಗೆದ ಡಬ್ಬಿಯಲ್ಲಿಟ್ಟೆವು. ಸುಧಾರಿಸಿತು, ಒಂದು ಮಟ್ಟಕ್ಕೆ ಬಂದು ನಿಂತಿತು. ಮೈ ಒರಟಾಗಿದೆಯೆಂದು ತೊಳೆದು ನುಣುಪು ಮಾಡಿದೆವು. ಅಷ್ಟಕ್ಕಷ್ಟೇ. ನನ್ನ ಗೈಡ್ ಮೇಡಂ ಬೇರೆ ವಿಷಯ ನೋಡಿಕೋ ಅನ್ನುವ ಹಂತಕ್ಕೆ ಬಂದಿದ್ದರು. ಒಂದು ಮಧ್ಯಾಹ್ನ ಚಹಾ ಕುಡಿಯುತ್ತಾ, ಪಟ್ಟಿ ನಡುಗಿದಂತೆಲ್ಲ ಅದರ ಬುಡವನ್ನೂ ನಡುಗಿಸುತ್ತದೆ, ಶಕ್ತಿ ಬುಡದೊಳಗೇ ಇಳಿದುಹೋಗುತ್ತದೆ ಕಣಮ್ಮಾ ಅಂದರು. ಹೊಸ ಮಾತೇನಲ್ಲ, ಎಷ್ಟೋ ಸಲ ಓದಿದ್ದೆ. ಆದರೆ ಆ ದಿನ ಕಪ್ಪು ಕೈಯಲ್ಲೇ ಉಳಿಯಿತು. ತಲೆ ಮೇಲೆ ಬೇವಿನಹಣ್ಣು ಬಿದ್ದ ಹಾಗಾಯಿತು. ಟೊಂಗೆ! ಸೆರಗು ಕಟ್ಟಿಯಾಯಿತು, ಎಣ್ಣೆ ಹಚ್ಚಿಯಾಯಿತು, ಟೊಂಗೆಯ ಕಡೆ ಕತ್ತೆತ್ತಿ ನೋಡಲೇ ಇಲ್ಲವಲ್ಲ ನಾನು.

ಒಂದೇ ಬುಡಕ್ಕೆ ಎರಡು ಪಟ್ಟಿ, ಒಂದು ಆ ಕಡೆ ಬಾಗಿದಾಗ ಇನ್ನೊಂದು ಈ ಕಡೆ. ಒಂದು ಎಳೆದದ್ದನ್ನು ಇನ್ನೊಂದು ತಡೆದರೆ ಬುಡ ಸುಮ್ಮನಿರುತ್ತದೆ. ಇದು ನಾನು ಕಂಡುಹಿಡಿದದ್ದಲ್ಲ, ಚಿಗವ್ವನೂ ಅಲ್ಲ. ಶಾಲೆಯಲ್ಲಿ ಬಡಿದು ಕಿವಿಗೆ ಹಿಡಿಯುವ ಶ್ರುತಿಕವೆಗೆ ಎರಡು ಕವಲಿರುವುದೂ ಇದೇ ಕಾರಣಕ್ಕೆ. ನಾನೇ ಮಕ್ಕಳಿಗೆ ಪಾಠ ಮಾಡಿದ್ದೇನೆ. ಗೊತ್ತಿದ್ದದ್ದು ಬೇಕಾದಾಗ ನೆನಪಾಗಬೇಕಲ್ಲ. ನನಗೆ ಅದು ಬೇವಿನ ವಾಸನೆಯ ದಾರಿಯಿಂದಲೇ ಬರಬೇಕಿತ್ತು. ಜೋಡಿ ಪಟ್ಟಿ ಮಾಡಿದೆವು. ಉದ್ದ ಒಂದಿನಿತು ಹೆಚ್ಚುಕಡಿಮೆಯಾದರೂ ಕೆಟ್ಟಿತು. ಮತ್ತೆ ಮಾಡಿದೆವು, ಮತ್ತೆ ಕೆಟ್ಟಿತು. ಪ್ರತಿ ಸಲವೂ ಚಿಗವ್ವನ ಕಿತ್ತುಬಂದ ಉಗುರು ಕಣ್ಣಮುಂದೆ. ಕಡೆಗೊಂದು ಜೋಡಿ ಸರಿಬಂತು. ನಡುಗಿಸಿ ಬಿಟ್ಟೆವು. ಪರದೆಯ ಮೇಲಿನ ಗೆರೆ ಇಳಿಯಬೇಕಾದಲ್ಲಿ ಇಳಿಯಲಿಲ್ಲ. ಹೋಗುತ್ತಲೇ ಇತ್ತು, ಹೋಗುತ್ತಲೇ ಇತ್ತು... ಮೇಡಂ ನನ್ನ ಬೆನ್ನಿಗೆ ಗುದ್ದಿದರು. ಆ ನೋವು ಇವತ್ತಿಗೂ ಹಿತವಾಗಿದೆ.

ಮೌಖಿಕ ಪರೀಕ್ಷೆಗೆ ಬಂದ ಹಿರಿಯ ಪ್ರಾಧ್ಯಾಪಕರು ಪ್ರಬಂಧವನ್ನು ತಿರುವಿಹಾಕಿ, ಕನ್ನಡಕ ತೆಗೆದು, ಒಂದು ಪಟ್ಟಿಯ ಎದುರಿಗೆ ಎರಡು ಪಟ್ಟಿ ನಿಲ್ಲಿಸಿ ಎರಡರದು ಮೇಲು ಅನ್ನುವುದು ನ್ಯಾಯವೇ ಎಂದು ಕೇಳಿದರು. ನನಗೆ ತಡೆಯಲಾರದಷ್ಟು ನಗು ಬಂತು. ಸಾಕ್ಷಾತ್ ಹುಣಸೆಗಿಡದ ದೊಡ್ಡವ್ವ ಕೋಟು ಹಾಕಿಕೊಂಡು ಕೂತಂತಿತ್ತು! ನಾನು ಮುಂದಿನ ಚಿತ್ರ ತೋರಿಸಿದೆ. ಅದೇ ಬುಡ, ಅದೇ ಎರಡು ಪಟ್ಟಿ, ಆದರೆ ಈ ಸಲ ಎರಡನ್ನೂ ಒಂದೇ ಕಡೆಗೆ ನಡುಗಿಸಿದ್ದು. ಗೆರೆ ಧೊಪ್ಪನೆ ಬಿದ್ದಿತ್ತು. ಗೆದ್ದದ್ದು ಎರಡಿರುವುದರಿಂದಲ್ಲ ಸರ್, ಎದುರುಬದುರು ಇರುವುದರಿಂದ ಅಂದೆ. ಅವರು ಎದ್ದು ಬಂದು ನನ್ನ ಕೈ ಕುಲುಕಿದರು. ಡಾಕ್ಟರ್ ಎಂದು ಮೊದಲು ಕರೆದವರು ಅವರೇ.

ಬಸ್ಸು ಬಂತು. ತವರಿಗೆ ಹೊರಟ ಹೆಣ್ಣುಮಕ್ಕಳು ಆಧಾರ್ ಕಾರ್ಡ್ ಹಿಡಿದು ಬಾಗಿಲವರೆಗೆ ತುಂಬಿದ್ದರು. ನಿಂತುಕೊಂಡೇ ಮಸ್ಕಿ ಮುಟ್ಟಿದೆ. ಮನೆಗೆ ಹೋಗುವ ಮೊದಲು ಬಯಲಿಗೆ ಹೋದೆ. ಬೇವಿನ ಟೊಂಗೆಗೆ ಮಕ್ಕಳು ಎರಡು ಜೋಕಾಲಿ ಕಟ್ಟಿ, ರೊಟ್ಟಿ ಹಬ್ಬದ ಊಟಕ್ಕೆಂದು ಓಡಿಹೋಗಿದ್ದರು. ಒಂದರಲ್ಲಿ ಕೂತು ಜೀಕಿದೆ. ಈಗ ದಪ್ಪವಾಗಿದ್ದರೂ ಟೊಂಗೆ ಬುದ್ಧಿ ಬಿಟ್ಟಿಲ್ಲ, ತೂಗಿತು. ತಲೆ ಮೇಲೆ ಪಟಪಟನೆ ಹಣ್ಣು. ಪಕ್ಕದ ಹಲಗೆ ಖಾಲಿ. ಗೆದ್ದ ಸುದ್ದಿಯನ್ನು ಯಾರಿಗೆ ಹೇಳಬೇಕೆಂದು ಇಷ್ಟು ದೂರ ಬಂದೆನೋ ಅವಳೇ ಇಲ್ಲ ಎನ್ನುವುದು ಆಗ ನಾಟಿತು.

ದೊಡ್ಡವ್ವ ಬಡಿಗೆ ಊರಿಕೊಂಡು ಬಯಲು ದಾಟಿ ಬಂದಳು. ಮುಪ್ಪಾಗಿ ಅವಳೂ ಈಗ ಒಣಕಟ್ಟಿಗೆ. ಯಾವಾಗ ಬಂದಿ ತಂಗೀ, ದೊಡ್ಡ ಪರೀಕ್ಷೆ ಏನಾತು ಎಂದು ಕೇಳಿದಳು. ಪಾಸಾಯಿತು ಅಂದೆ. ಏನು ಓದಿದ್ದಿ ಅಂದಳು. ನಾನು ಸುತ್ತುಬಳಸದೆ ಈ ಎರಡು ಜೋಕಾಲಿಯನ್ನೇ ಓದಿದ್ದು ಅಂದೆ. ಆ ದೊಡ್ಡ ಪ್ರಾಧ್ಯಾಪಕರೂ ಥೇಟ್ ನಿನ್ನ ಹಾಗೇ ತಕರಾರು ತೆಗೆದರು, ಚಿಗವ್ವ ಮಾಡಿ ತೋರಿಸಿದ್ದನ್ನೇ ನಾನೂ ಮಾಡಿ ತೋರಿಸಿದೆ ಅಂದೆ.

“ಕಡೀಗೆ ಅವ್ರು ಏನಂದ್ರು?” ಅಂದಳು.

“ಒಪ್ಪಿದ್ರು, ದೊಡ್ಡವ್ವ.”

ಅವಳು ಬಡಿಗೆಯನ್ನು ಗಿಡಕ್ಕೆ ಒರಗಿಸಿ ಖಾಲಿ ಹಲಗೆಯ ಮೇಲೆ ಮೆಲ್ಲಗೆ ಕೂತಳು. ಕಾಲಿನಿಂದ ನೆಲ ಒದ್ದು, ನಾನು ಮುಂದೆ ಬಂದಾಗ ತಾನು ಹಿಂದೆ ಹೋದಳು. ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಇಷ್ಟು ವರ್ಷ ಮನಸ್ಸಿನಲ್ಲಿ ಇದನ್ನೇ ಜೀಕುತ್ತಿದ್ದಳೇನೋ. ಹಣ್ಣು ಬೀಳುವುದು ನಿಂತಿತು. ಇಬ್ಬರೂ ಕಾಲು ಎತ್ತಿಕೊಂಡು ಸುಮ್ಮನೆ ಕೂತೆವು. ಜೋಕಾಲಿಗಳು ಎದುರುಬದುರಾಗಿ ತೂಗುತ್ತಲೇ ಇದ್ದವು.

ದೊಡ್ಡವ್ವ ನನ್ನ ಕಡೆ ನೋಡಲಿಲ್ಲ. ಕತ್ತೆತ್ತಿ ಟೊಂಗೆಯನ್ನೇ ನೋಡುತ್ತಾ ಹೇಳಿದಳು:

“ಗೆದ್ದಿ ಬಿಡಲೇ, ವಳಕಮದಿನ್ನಿ.”

ಆಮೇಲೆ ಮೇಲಿನ ಓಣಿಯ ಕಡೆ ತಿರುಗಿ, ರೊಟ್ಟಿ ಬುಟ್ಟಿ ತೆಗೆದುಕೊಂಡು ಬಾ ಎಂದು ಸೊಸೆಯನ್ನು ಕೂಗಿದಳು.

ಚಿಗವ್ವ ಇದ್ದಿದ್ದರೆ ಈಗ ಕೇಕೆ ಹೊಡೆಯುತ್ತಿದ್ದಳು. ಅವಳು ಇರಲಿಲ್ಲ. ಅದಕ್ಕೆ ನಾನೇ ಹೊಡೆದೆ, ಗುಡ್ಡಕ್ಕೆ ಬಡಿದು ವಾಪಸ್ ಬರುವ ಹಾಗೆ.